ದೊಡ್ಡ ಮಾವ ತಿಂದ ಆಲೂಗಡ್ಡೆ

ಹೋದ ವಾರ ಪುಲ್ಪಳ್ಳಿಯಿಂದ ಕೊಳವಳ್ಳಿಗೆ ಬರುವ ಪ್ರೈವೇಟ್ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಕಾಲೇಜು ಹುಡುಗಿ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ಬಿಸಿ ಎಣ್ಣೆ, ಉಪ್ಪು, ಮೇಲೆ ಉದುರಿಸಿದ ಖಾರದ ಪುಡಿ, ಎಣ್ಣೆ ಹೀರಿದ ಕಾಗದ... ಬಸ್ಸಿನಲ್ಲಿದ್ದವರ ಮೂಗೆಲ್ಲ ಆ ಕಡೆ ತಿರುಗಿತು. ನನ್ನ ಬಾಯಲ್ಲೂ ನೀರೂರಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ದೊಡ್ಡ ಮಾವ ನೆನಪಾಗುತ್ತಾರೆ. ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಮನೆಗೆ ಬಂದೆ.

ದೊಡ್ಡ ಮಾವ ಎಂದರೆ ನನ್ನ ಮಾವನವರ ಅಣ್ಣ. ನಾನು ಹೊಳೆಯಾಚೆಯ ಕರ್ನಾಟಕದ ಊರಿನಿಂದ ಮರಕ್ಕಡವಿನಲ್ಲಿ ದೋಣಿಯಲ್ಲಿ ದಾಟಿ ಮಲಯಾಳ ನಾಡಿನ ಈ ಮನೆಗೆ ಸೊಸೆಯಾಗಿ ಬಂದವಳು. ನಾವೂ ಜೈನರೇ, ಇವರೂ ಜೈನರೇ. ಆದರೆ ನಮ್ಮ ತವರಿನಲ್ಲಿ ಊಟತಿಂಡಿಯ ಕಟ್ಟುಪಾಡು ಸಡಿಲ, ಇಲ್ಲಿ ಬಲು ಬಿಗಿ. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ನೆಲದೊಳಗೆ ಬೆಳೆಯುವ ಯಾವ ಗೆಡ್ಡೆಯೂ ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ. ತಮಾಷೆಯೆಂದರೆ ಮನೆಯವರು ಶುಂಠಿ ಬೆಳೆದು ಮೂಟೆಗಟ್ಟಲೆ ಮಾರುತ್ತಿದ್ದರು, ಒಲೆಯ ಹತ್ತಿರ ಮಾತ್ರ ಹಸಿ ಶುಂಠಿಯ ಒಂದು ಚೂರೂ ಕಾಣುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ತವರಿನಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಚೀಲದಲ್ಲಿ ಐದಾರು ಆಲೂಗಡ್ಡೆಗಳಿದ್ದವು. ದೊಡ್ಡ ಮಾವ ಅವನ್ನು ಜಗಲಿಯ ಮೇಲೆ ಎಲ್ಲರೆದುರು ಒಂದೊಂದಾಗಿ ತೆಗೆದು ಬದಿಗಿಟ್ಟು, "ಇದು ನಮ್ ಮನೇಲಿ ಆಗೂದಿಲ್ಲ ಮೋಳೆ" ಎಂದರು. ಮೋಳೆ ಎಂದರೆ ಮಲಯಾಳದಲ್ಲಿ ಮಗಳು; ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಗದರಿದ್ದರೆ ಒಂದು ರೀತಿ ಆಗುತ್ತಿತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಹಾಗೆಂದು ಅವರು ಕೆಟ್ಟವರಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದಿದವಳು. ಪುಲ್ಪಳ್ಳಿಯ ಒಂದು ಕ್ಲಿನಿಕ್ಕಿನ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಹೋಗಲಿ ಎಂದವರು ಅವರೊಬ್ಬರೇ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ನಾಲ್ಕೈದು ಮನೆಗಳಿಗೆ ಸೇರಿದ ಚಿಕ್ಕ ಬಸದಿಯಲ್ಲಿ ಕೂತು ಹಳೆಯ ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಶಾಲೆಯಲ್ಲಿ ಮಲಯಾಳ ಕಲಿಯುವ ನಮ್ಮ ಮಕ್ಕಳ ಕಿವಿಗೆ ಒಳ್ಳೆಯ ಕನ್ನಡ ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ದನಿ ಗಂಭೀರ, ನಡುನಡುವೆ ಮಕ್ಕಳನ್ನು ನಗಿಸುವ ಮಾತು. ಸುತ್ತಮುತ್ತ ಅವರೆಂದರೆ ಗೌರವ.

ಎಪ್ಪತ್ತು ದಾಟಿದ ಮೇಲೆ ಅವರಿಗೆ ಪ್ರೆಷರ್ ಹೆಚ್ಚಾಯಿತು, ಹೃದಯವೂ ಸೋತಿತು. ಉಪ್ಪು, ಕರಿದದ್ದು, ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಡಬೇಕೆಂದರು ನಮ್ಮ ಕ್ಲಿನಿಕ್ಕಿನ ಡಾಕ್ಟರು. ಅವರ ಹೆಂಡತಿ, ನಮ್ಮ ದೊಡ್ಡತ್ತೆ, ಅದನ್ನು ವ್ರತದ ಹಾಗೆ ಹಿಡಿದರು. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಹೆಸರುಬೇಳೆ, ಬೇಯಿಸಿದ ಬಾಳೆಕಾಯಿ. ದೊಡ್ಡ ಮಾವ ಬಡಿಸಿದಷ್ಟನ್ನು ತಿಂದು ಕೈ ತೊಳೆಯುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಬೆರಳ ತುದಿಯನ್ನು ಸುಮ್ಮನೆ ನೆಕ್ಕುವುದನ್ನು ನೋಡಿ ನನಗೆ ಅಯ್ಯೋ ಅನಿಸುತ್ತಿತ್ತು.

ಎರಡು ವರ್ಷ ಹೀಗೇ ಕಳೆದ ಮೇಲೆ ಪುಲ್ಪಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಫಾಸ್ಟ್‌ಫುಡ್ ಕಡ ಬಂತು. ಕಡ ಎಂದರೆ ಅಂಗಡಿ; ಈ ಮಾತು ನಮ್ಮ ಕನ್ನಡದಲ್ಲಿ ಸೇರಿಹೋಗಿದೆ. ಗಾಜಿನ ಬಾಗಿಲು, ಕೆಂಪು ಕುರ್ಚಿ, ಗೋಡೆಯ ಮೇಲೆ ಆಳೆತ್ತರದ ತಿಂಡಿಯ ಚಿತ್ರಗಳು. ಒಂದು ಸಂಜೆ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ಆ ಗಾಜಿನ ಕಡೆ ನೋಡಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಾಲೇಜು ಹುಡುಗರ ನಡುವೆ, ಬಿಳಿ ಪಂಚೆ, ಹೆಗಲ ಮೇಲೆ ಶಾಲು... ನಮ್ಮ ದೊಡ್ಡ ಮಾವ. ಮುಂದೆ ಕೆಂಪು ಪೊಟ್ಟಣದ ತುಂಬ ಉದ್ದುದ್ದ ಸೀಳಿ ಕರಿದ ಆಲೂಗಡ್ಡೆ. ಒಂದು ಎಳೆ ತೆಗೆಯುವುದು, ಬಿಳಿ ಮಯೊನೀಸಿನಲ್ಲಿ ಅದ್ದುವುದು, ಬಾಯಿಗಿಡುವುದು, ಕಣ್ಣು ಮುಚ್ಚುವುದು. ನಡುನಡುವೆ ಕಣ್ಣು ತೆರೆದು ಕಿಟಕಿಯಾಚೆ ಹೊತ್ತು ಎಷ್ಟಿದೆ ಎಂದು ನೋಡುತ್ತಿದ್ದರು. ಸೂರ್ಯ ಮುಳುಗುವುದರೊಳಗೆ ತಿಂದು ಮುಗಿಸಬೇಕಲ್ಲ!

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬ ಗಾದೆ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು. ನಗುವೂ ಬಂತು, ಜಗಲಿಯ ಮೇಲೆ ಸಾಲಾಗಿ ಕೂತಿದ್ದ ನನ್ನ ಅಮ್ಮನ ಆಲೂಗಡ್ಡೆಗಳೂ ನೆನಪಾದವು. ಬಾಗಿಲು ತಳ್ಳಿ ಒಳಗೆ ಹೋದೆ. ನನ್ನನ್ನು ಕಂಡು ಅವರ ಕೈ ಅಲ್ಲೇ ನಿಂತಿತು. ಕೂತುಕೋ ಎಂದು ಕಣ್ಣಿನಲ್ಲೇ ಕುರ್ಚಿ ತೋರಿಸಿದರು.

"ಮೊಟ್ಟೆ ಹಾಕಿಲ್ವಂತೆ ಇದಕ್ಕೆ, ಕೇಳೀವ್ನಿ" ಎಂದರು ಬಿಳಿ ಬಟ್ಟಲು ತೋರಿಸಿ. ಮೊದಲ ಮಾತೇ ಅದು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಎರಡ್ ವರ್ಷ ಆಯ್ತು ಮೋಳೆ, ಬಾಯಿಗೆ ಉಪ್ಪು ಸೋಕಿ. ನಾಲಿಗೆ ಸತ್ತೋಗಿತ್ತು. ಇದು ಕಟುಂ ಅಂದಾಗ ಜೀವ ಬಂದಂಗಾಗ್ತದೆ. ನಿಮ್ಮ ದೊಡ್ಡತ್ತೆಗೆ ಹೇಳ್ಬ್ಯಾಡ."

ನಾನು ಲ್ಯಾಬಿನವಳು. ಸೋತ ಹೃದಯಕ್ಕೆ ಆ ಪೊಟ್ಟಣದ ಉಪ್ಪು ಏನು ಮಾಡುತ್ತದೆ, ಎಷ್ಟೋ ಸಲ ಕಾಯಿಸಿದ ಆ ಎಣ್ಣೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಎಲ್ಲವನ್ನೂ ಹೇಳಿದೆ. ಅವರು ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ಕೇಳಿಸಿಕೊಂಡರು. ಇನ್ನು ಮುಂದೆ ತಿಂಗಳಿಗೆ ಒಂದೇ ಸಲ, ಅದೂ ಅರ್ಧ ಪೊಟ್ಟಣ ಎಂದು ನಮ್ಮಲ್ಲಿ ಮಾತಾಯಿತು. ಅರ್ಧ ಉಳಿದಿತ್ತು ಅವತ್ತು. ಅದನ್ನು ನಾನೇ ತಿಂದೆ. ಮದುವೆಯಾದ ಮೇಲೆ ನಾಲಿಗೆಗೆ ಸೋಕಿದ ಮೊದಲ ಆಲೂಗಡ್ಡೆ ಅದು. ಎಷ್ಟು ರುಚಿಯಾಗಿತ್ತೆಂದರೆ ಅವರ ಮೇಲಿದ್ದ ಕೋಪವೆಲ್ಲ ಇಳಿದುಹೋಯಿತು ಎಂದುಕೊಂಡೆ.

ಅವರು ಮಾತು ಉಳಿಸಿಕೊಳ್ಳಲಿಲ್ಲ. ಮೆಣಸು ಮಾರುವ ನೆಪ, ಕರೆಂಟ್ ಬಿಲ್ಲಿನ ನೆಪ, ವಾರಕ್ಕೆ ಮೂರು ನಾಲ್ಕು ಸಲ ಪುಲ್ಪಳ್ಳಿಗೆ ಬರತೊಡಗಿದರು. ಶಾಲು ಒಗೆಯಲು ಹಾಕುವಾಗ ನನಗೆ ವಾಸನೆ ಹತ್ತುತ್ತಿತ್ತು. ಸಂಜೆ ಪಂಚೆ ಕೊಂಚ ಮೇಲೆ ಸರಿದಾಗ ಊದಿದ ಕಣಕಾಲು ಕಾಣುತ್ತಿತ್ತು, ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ತಿಂಗಳಿಗೊಮ್ಮೆ ಅವರ ರಕ್ತ ತೆಗೆಯುವವಳು ನಾನೇ. ಸೂಜಿ ಚುಚ್ಚುವಾಗ ಮೆಲ್ಲಗೆ, "ಮಾವ, ಸಾಕು ಮಾಡಿ" ಎನ್ನುತ್ತಿದ್ದೆ. "ಸಾರಿಲ್ಲ ಮೋಳೆ" ಎನ್ನುತ್ತಿದ್ದರು. ಏನೂ ಆಗುವುದಿಲ್ಲ ಬಿಡು ಎಂದು. ಪ್ರತಿ ತಿಂಗಳೂ ಮೂತ್ರಪಿಂಡದ ಲೆಕ್ಕ ಸ್ವಲ್ಪ ಸ್ವಲ್ಪ ಮೇಲೇರುತ್ತಿತ್ತು.

ಡಾಕ್ಟರು ಮಲಯಾಳಿ ಹೆಂಗಸು. ನಮ್ಮ ಲ್ಯಾಬು ಕೆಳಗೆ, ಅವರ ಕೋಣೆ ಮೇಲೆ. ಮದ್ದು ಯಾಕೆ ಹಿಡಿಯುತ್ತಿಲ್ಲ ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಕದ್ದು ಮುಚ್ಚಿ ಏನಾದರೂ ತಿನ್ನುತ್ತಾರಾ, ಚಿಪ್ಸ್, ಹೊರಗಿನ ತಿಂಡಿ, ಎಂದು ಒಂದು ಸಲ ಕೇಳಿದರು. ದೊಡ್ಡತ್ತೆ ನಕ್ಕುಬಿಟ್ಟರು. ಮಾವನವರು ಎದೆಯುಬ್ಬಿಸಿ, ನಮ್ಮ ಮನೆಗೆ ಗೆಡ್ಡೆಯೇ ಬರುವುದಿಲ್ಲ, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ, ಅಣ್ಣ ಬಸದಿಯಲ್ಲಿ ಪುರಾಣ ಓದುವವರು ಎಂದು ವಿವರಿಸಿದರು. ಡಾಕ್ಟರಿಗೂ ನಂಬಿಕೆ ಬಂತು. ಮನೆಯ ಆಚಾರವನ್ನೇ ಎಲ್ಲರೂ ದೊಡ್ಡ ಮಾವನ ಪಥ್ಯವೆಂದು ತಿಳಿದರು. ನನಗೋ ಬಾಯಲ್ಲಿ ಬಿಸಿ ತುಪ್ಪ. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಮಾವ ಮಲಗಿದರೆ ಉಸಿರಾಡಲಾಗದೆ ಕೂತೇ ನಿದ್ದೆ ಮಾಡುವ ಹಾಗಾಯಿತು. ಡಾಕ್ಟರು ಎಲ್ಲರನ್ನೂ ಕರೆಸಿದರು. ದೊಡ್ಡ ಮಾವ, ದೊಡ್ಡತ್ತೆ, ನನ್ನ ಮಾವನವರು, ನನ್ನ ಗಂಡ, ನಾನು. ಇಷ್ಟು ಪಥ್ಯ ಮಾಡಿಯೂ ಪ್ರೆಷರ್ ಇಳಿಯುತ್ತಿಲ್ಲವೆಂದರೆ ಮೂತ್ರಪಿಂಡದ ರಕ್ತನಾಳವೇ ಕಟ್ಟಿರಬಹುದು, ಕಲ್ಲಿಕೋಟೆಯ ದೊಡ್ಡ ಆಸ್ಪತ್ರೆಗೆ ಹೋಗಿ ನಳಿಗೆ ಹಾಕಿ ನೋಡಿಸಬೇಕು ಎಂದರು. ಅದಕ್ಕೆ ಮೈಯೊಳಗೆ ಒಂದು ಬಣ್ಣದ ಮದ್ದು ಬಿಡುತ್ತಾರೆ, ಈಗಿರುವ ಸ್ಥಿತಿಯಲ್ಲಿ ಆ ಮದ್ದಿನಿಂದಲೇ ಮೂತ್ರಪಿಂಡ ನಿಂತುಹೋದರೂ ಹೋಗಬಹುದು, ಬೇರೆ ದಾರಿ ಕಾಣುತ್ತಿಲ್ಲ ಎಂದರು. ಒಪ್ಪಿಗೆಯ ಕಾಗದ ಮುಂದಿಟ್ಟರು. "ಉಪ್ಪಿನ ಒಂದು ಹರಳು ಹಾಕಿಲ್ಲ ನಾನು, ಇವರಿಗ್ಯಾಕೆ ಹಿಂಗಾಯ್ತು" ಎಂದು ದೊಡ್ಡತ್ತೆ ಅತ್ತರು. ನಾನು ದೊಡ್ಡ ಮಾವನನ್ನು ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಅವರು ಪೆನ್ನಿಗೆ ಕೈ ಚಾಚಿದರು. ಪುರಾಣದವರ ಬಾಯಲ್ಲಿ ಆಲೂಗಡ್ಡೆ ಎಂಬ ಮಾತು ಬರುವುದಕ್ಕಿಂತ ಕಲ್ಲಿಕೋಟೆಗೆ ಹೋಗಿ ಸಾಯುವುದು ಅವರಿಗೆ ಸುಲಭವಾಗಿತ್ತು.

"ಸೈನ್ ಹಾಕಬೇಡಿ ಮಾವ" ಎಂದೆ. ನನ್ನ ದನಿ ಏರಿತ್ತು. "ವಾರಕ್ಕೆ ನಾಲ್ಕು ಸಲ ಬಸ್ ಸ್ಟ್ಯಾಂಡಿನ ಕಡದಲ್ಲಿ ಕೂತು ಆಲೂಗಡ್ಡೆ ಫ್ರೈಸ್ ತಿಂತಾರೆ ಇವರು. ನಾನೇ ಕಣ್ಣಾರೆ ನೋಡಿದೀನಿ. ಉಪ್ಪು ಅಲ್ಲಿಂದ ಬರ್ತಾ ಇದೆ." ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮಮ್ಮನ ಆಲೂಗಡ್ಡೆ ಮಾತ್ರ ಈ ಮನೇಲಿ ಆಗಲಿಲ್ಲ" ಎಂದೂ ಅಂದೆ.

ಮಾವನವರು ಅಣ್ಣನನ್ನು ನೋಡಲಾರದೆ ನೆಲ ನೋಡಿದರು. ಕನ್ನಡ ಬಾರದ ಡಾಕ್ಟರು ಏನಾಯಿತೆಂದು ಕೇಳಿದರು. ನನ್ನ ಗಂಡ ಮಲಯಾಳದಲ್ಲಿ ತಡವರಿಸುತ್ತ ಹೇಳಿದ. ಅವರು ಕಾಗದವನ್ನು ಹಿಂದಕ್ಕೆ ಎಳೆದುಕೊಂಡು ಡ್ರಾಯರಿನೊಳಗೆ ಇಟ್ಟರು. ದೊಡ್ಡ ಮಾವ ಶಾಲನ್ನು ಸರಿಮಾಡಿಕೊಂಡು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದರು.

ಮೂರು ವಾರದಲ್ಲಿ ಕಾಲಿನ ಊತ ಇಳಿಯಿತು. ಎರಡು ತಿಂಗಳಲ್ಲಿ ಮಲಗಿ ನಿದ್ದೆ ಮಾಡುವಂತಾದರು. ಕಲ್ಲಿಕೋಟೆಗೆ ಹೋಗಬೇಕಾಗಲಿಲ್ಲ. ಡಾಕ್ಟರು ನನ್ನ ಬೆನ್ನು ತಟ್ಟಿ, ನೀನೇ ಅವರನ್ನು ಉಳಿಸಿದೆ ಎಂದರು. ಆದರೆ ಕ್ಲಿನಿಕ್ಕಿನಲ್ಲಿ ಆ ಮಾತಾದ ಮುಂದಿನ ಭಾನುವಾರವೇ ದೊಡ್ಡ ಮಾವ ಬಸದಿಯಲ್ಲಿ ಓದಲು ಕೂರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾರೂ ಅವರನ್ನು ಬೇಡವೆಂದಿರಲಿಲ್ಲ, ನಾಲ್ಕು ಮನೆಯವರೂ ಬಂದು ಕರೆದರು. "ನನಗೆ ಆ ಯೋಗ್ಯತೆ ಇಲ್ಲ" ಎಂದು ಕಳಿಸಿದರು. ಕಂಬದ ಹಿಂದೆ ಕೂತು ಕೈ ಮುಗಿದು ಎದ್ದು ಬರುತ್ತಿದ್ದರು. ನನ್ನನ್ನು ಬೈಯಲಿಲ್ಲ. ರಕ್ತ ತೆಗೆಯುವಾಗ ತೋಳು ಚಾಚುತ್ತಿದ್ದರು, ಮುಖ ಆಚೆ ತಿರುಗಿಸುತ್ತಿದ್ದರು. ಮೋಳೆ ಎಂಬ ಮಾತು ಆಮೇಲೆ ನನಗೆ ಕೇಳಲೇ ಇಲ್ಲ... ಹಾಗೆ ಇನ್ನೂ ನಾಲ್ಕು ವರ್ಷ ಬದುಕಿದರು. ಒಂದು ಬೆಳಿಗ್ಗೆ ಗಂಜಿ ಕುಡಿದು, ಜಗಲಿಯಲ್ಲಿ ಕೂತಲ್ಲೇ ಹೋದರು.

ಈಗ ಬಸದಿಯಲ್ಲಿ ಪುರಾಣ ಓದುವವರಿಲ್ಲ. ನನ್ನ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಕೂಡಿಸಲು ತಿಣುಕುತ್ತಾಳೆ. ಅವರಿದ್ದಿದ್ದರೆ, ಅವರು ಓದುತ್ತಿದ್ದಿದ್ದರೆ, ಎಂದು ಮನೆಯಲ್ಲಿ ಯಾರಾದರೂ ಅಂದಾಗ ನಾನು ಎದ್ದು ಒಳಗೆ ಹೋಗುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಜೀವ ಉಳಿಸಲು ಆಡಿದ ಮಾತು ಅದು, ತಪ್ಪೇನು ಎಂದು ನನ್ನ ಗಂಡ ಎಷ್ಟೋ ಸಲ ಸಮಾಧಾನ ಹೇಳಿದ್ದಾನೆ. ನಿಜವೇ. ಹೇಳದೆ ಇದ್ದಿದ್ದರೆ ಅವರು ಆ ವರ್ಷವೇ ಹೋಗುತ್ತಿದ್ದರು.

ಆದರೆ ರಿಪೋರ್ಟುಗಳನ್ನು ಹಿಡಿದುಕೊಂಡು ದಿನಾ ಬೆಳಿಗ್ಗೆ ನಾನು ಆ ಡಾಕ್ಟರ ಕೋಣೆಗೆ ಹೋಗುತ್ತಿದ್ದೆ. ಒಬ್ಬಳೇ. ಆ ಹೊತ್ತಿನಲ್ಲಿ ಅಲ್ಲಿ ರೋಗಿಗಳಿರುತ್ತಿರಲಿಲ್ಲ, ನೆಂಟರಿರುತ್ತಿರಲಿಲ್ಲ. ಯಾವ ಬೆಳಿಗ್ಗೆಯಾದರೂ ಎರಡು ಮಾತು ಹೇಳಿದ್ದರೆ ಅವರು ದೊಡ್ಡ ಮಾವನನ್ನು ಪ್ರತ್ಯೇಕ ಕೂರಿಸಿ ಗದರಿ ಸರಿಮಾಡುತ್ತಿದ್ದರು, ಮನೆಯ ಒಂದು ನೊಣಕ್ಕೂ ತಿಳಿಯುತ್ತಿರಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ ಎಂದು ಗಂಡನಿಗೆ ಹೇಳಿದ್ದೇನೆ.

ಹೊಳೆದಿತ್ತು.