ಚೌತಿ ಚಂದ್ರನಿಗೆ ದೂರದರ್ಶಕ

ಆ ದಿನವನ್ನು ಆರಿಸಿದವನು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಹನೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ, ದಿನಾ ಬಸ್ಸಿನ ಓಡಾಟ. ಆಕಾಶ ನೋಡುವ ಹುಚ್ಚಿನ ಇಬ್ಬರು ಮೈಸೂರಿನಿಂದ ದೂರದರ್ಶಕ ತಂದು ಊರವರಿಗೆಲ್ಲ ತೋರಿಸುತ್ತೇವೆ, ದಿನ ನೀವೇ ಹೇಳಿ ಅಂದರು. ನಾನು ಕ್ಯಾಲೆಂಡರ್ ತಿರುವಿ, ಬೇಕೂ ಅಂತಲೇ ಗಣೇಶನ ಹಬ್ಬದ ಸಂಜೆ ಹೇಳಿದೆ. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ಕಳ್ಳತನದ ಅಪವಾದ ಬರುತ್ತದೆ ಅಂತ ನಮ್ಮ ಕಡೆ ಆ ಸಂಜೆ ತಲೆ ಎತ್ತುವವರಿಲ್ಲ. ಅದನ್ನು ಮುರಿದೇ ತೀರುತ್ತೇನೆ ಅನ್ನುವ ಹಟ ನನಗೆ. ಹಟ ಅನ್ನುವುದಕ್ಕಿಂತ ಜಂಬ ಅಂದರೆ ಸರಿ. ಹೆಡ್‌ಮಿಸ್ಸು “ಬೇರೆ ದಿನ ಸಿಗಲ್ವಾ ಸರ್?” ಅಂತ ಎರಡು ಸಲ ಕೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಜನ ಬಂದರು, ಬರಲಿಲ್ಲ ಅಂತಲ್ಲ. ಆದರೆ ಬಂದ ರೀತಿ ನೋಡಬೇಕಿತ್ತು. ಗಂಡಸರು ತಲೆಗೆ ಟವೆಲ್ ಮುಸುಕು ಹಾಕಿಕೊಂಡು, ಹೆಂಗಸರು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ಒಬ್ಬ ಯಜಮಾನರು ಛತ್ರಿ ಬಿಡಿಸಿಕೊಂಡೇ ಇದ್ದರು. “ಮಳೆ ನಿಂತು ಆಗಲೇ ಎಷ್ಟೊತ್ತಾಯ್ತಲ್ಲ ಯಜಮಾನ್ರೆ?” ಅಂದೆ. “ಮಳೆಗಲ್ಲ ಕಣ್ ಸಾ, ಅವನಿಗೆ” ಅಂತ ಛತ್ರಿಯ ಮೇಲಕ್ಕೆ ಬೆರಳು ಮಾಡಿದರು. ಸರಿ, ಚಂದ್ರ ಬೇಡದಿದ್ದರೆ ಗ್ರಹ ತೋರಿಸೋಣ ಅಂದರೆ ಪೂರ್ವದಲ್ಲಿ ಆಗತಾನೆ ಏಳುತ್ತಿದ್ದದ್ದು ಶನಿ. “ಒಂದ್ಕಡೆ ಚೌತಿ ಚಂದ್ರ, ಇನ್ನೊಂದ್ಕಡೆ ಶನಿಮಾತ್ಮ. ಒಳ್ಳೇದು ಯಾವುದೂ ಸಿಕ್ನಿಲ್ವ ಸಾ ನಿಮ್ಗೆ?” ಅಂತ ಅದೇ ಯಜಮಾನರು ಕೇಳಿದ್ದಕ್ಕೆ ಮೈದಾನವೆಲ್ಲ ನಕ್ಕಿತು. ಮೈಸೂರಿನವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ಕಣ್ಣಿಗೆ ಬಿದ್ದವಳು ಅಕ್ಕ. ನಮ್ಮ ಶಾಲೆಯ ಬಿಸಿಯೂಟ ಮಾಡುವ ಹೆಂಗಸು, ಮಕ್ಕಳಿಗೆಲ್ಲ ಅಕ್ಕ, ನನಗೂ ಅಕ್ಕ. ಹಬ್ಬದ ದಿನ ಮನೆ ಬಿಟ್ಟು ಬಂದು, ಮೈಸೂರಿನವರಿಗೆ ಕಡಲೆ ಉಸಲಿ ಮಾಡಿ, ಟೀ ಕಾಯಿಸಿ ಕೊಟ್ಟಿದ್ದಳು. ನಾನು ಯಾವತ್ತು ಏನು ಹೇಳಿದರೂ ಇಲ್ಲ ಅನ್ನದ ಜೀವ. ಅದಕ್ಕೇ ಅವಳನ್ನು ಹಿಡಿದೆ.

“ಬಾ ಅಕ್ಕ, ನೀನು ಮೊದಲು ನೋಡು.”

“ಅಯ್ಯೋ, ಬ್ಯಾಡಿ ಸಾ. ಅಪವಾದ ಬತ್ತದೆ.”

“ಬಂದರೆ ನಾನಿಲ್ವಾ? ನಾನೇ ಮುಂದೆ ನಿಂತು ಹೇಳ್ತೀನಿ, ಇವಳದ್ದೇನೂ ತಪ್ಪಿಲ್ಲ ಅಂತ.”

ಊರೆಲ್ಲ ಕೇಳುವ ಹಾಗೆ ಹೇಳಿದೆ. ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. “ನೀವೇಳ್ತೀರಿ ಅಂತ ನೋಡ್ತೀನಿ” ಅಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಗ್ಗಿ ಕಣ್ಣಿಟ್ಟಳು. ಆಮೇಲೆ, “ಅಯ್ಯೋ ನಮ್ಮಪ್ಪ ಮಾದೇವ! ಹೆಂಚಿನ ಮ್ಯಾಲಿನ ರೊಟ್ಟಿ ಅಂಗೆ ಗುಳ್ಳೆ ಗುಳ್ಳೆ ಎದ್ದದಲ್ಲ ಸಾ!” ಅಂತ ಕೂಗಿದಳು. ಇನ್ನೊಂದು ಸಲ ನೋಡಲಾ ಅಂತ ಕೇಳಿದಳು. ಅವಳಿಗೆ ಇನ್ನೂ ಹತ್ತಿರದಿಂದ ಕಾಣಲಿ ಅಂತ ನಾನು ಐಪೀಸ್ ಬದಲಾಯಿಸಿದೆ. ಐಪೀಸ್ ಅಂದರೆ ಕಣ್ಣಿಟ್ಟು ನೋಡುವ ತುದಿಯ ಗಾಜಿನ ಪುಟ್ಟ ಕೊಳವೆ, ಹೆಬ್ಬೆರಳಿಗಿಂತ ಒಂಚೂರು ದಪ್ಪ. ಮೊದಲಿದ್ದದ್ದನ್ನು ತೆಗೆದು ಎಲ್ಲಿಟ್ಟೆ ಅನ್ನುವ ಕಡೆ ನನಗೆ ಗಮನವೇ ಇರಲಿಲ್ಲ. ಯಾಕೆಂದರೆ ಛತ್ರಿಯ ಯಜಮಾನರೂ ಛತ್ರಿ ಮಡಚಿ ಸಾಲಿಗೆ ಬಂದು ನಿಂತಿದ್ದರು. ನಾನು ಗೆದ್ದಿದ್ದೆ!

ಚಂದ್ರ ತೆಂಗಿನ ಮರಗಳ ಹಿಂದೆ ಇಳಿದ ಮೇಲೆ ಸಾಮಾನು ಕಟ್ಟುವಾಗ ಒಂದು ಐಪೀಸ್ ಕಡಿಮೆ ಬಂತು. ಮೈದಾನವೆಲ್ಲ ಟಾರ್ಚು ಬಿಟ್ಟು ಹುಡುಕಿದೆವು. ಮೈಸೂರಿನವರು ಪಾಪ, ದನಿ ಎತ್ತಲಿಲ್ಲ. ಅದು ಅವರದ್ದಲ್ಲ, ಬೇರೆಯವರಿಂದ ಕೇಳಿ ತಂದದ್ದು ಅಂತ ಮಾತ್ರ ಅಂದರು. ಅವರ ಎದುರು ನನಗೆ ಮುಖ ಇಲ್ಲದಂತಾಯಿತು. ಜನ ನೋಡುತ್ತಿದ್ದಾಗ ನಡುವೆ ಮತ್ತೆ ಮಳೆ ಹನಿದು, ಅವರ ಐಪೀಸುಗಳ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಅಡುಗೆಮನೆಯ ಸ್ಟೋರಿನಲ್ಲಿ ಇಟ್ಟಿದ್ದೆವು. ಅದು ನೆನಪಾದದ್ದೇ ನನ್ನ ಬಾಯಿಂದ ಬಂತು: “ಸ್ಟೋರ್ ಕೀ ಯಾರ ಹತ್ರ ಇತ್ತು?”

ಕೀ ಯಾರ ಹತ್ತಿರ ಇತ್ತು ಅಂತ ನನಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಕ್ಕನ ಸೊಂಟದ ಕಡೆ ನೋಡಿದರು.

ಯಾರೂ ಕೇಳದೆ ಇದ್ದರೂ ಅಕ್ಕ ತನ್ನ ವೈರ್ ಬ್ಯಾಗನ್ನು ಜಗಲಿಯ ಮೇಲೆ ಸುರಿದಳು. ಎಲೆ ಅಡಿಕೆ ಚೀಲ, ಒಂದು ಹಳೆ ಟವೆಲ್ಲು, ಮೊಮ್ಮಗಳಿಗೆ ಅಂತ ಬಾಳೆಲೆಯಲ್ಲಿ ಕಟ್ಟಿಕೊಂಡಿದ್ದ ಉಸಲಿ. “ನ್ವಾಡಿ ಸಾ, ನಾ ಮುಟ್ಟಿಲ್ಲ” ಅಂದಳು. ನನ್ನ ಚೀಲ ನನ್ನ ಹೆಗಲಲ್ಲೇ ಇತ್ತು. ಮೇಷ್ಟ್ರ ಚೀಲ ಬಿಚ್ಚಿ ತೋರಿಸಿ ಅಂತ ಯಾರು ಕೇಳುತ್ತಾರೆ?

ಮಾರನೆಯ ಬೆಳಿಗ್ಗೆ ಬಸ್ಸು ಕೊಳ್ಳೇಗಾಲ ದಾಟಿದ ಮೇಲೆ ಕರ್ಚೀಫಿಗಾಗಿ ಚೀಲದ ಪಕ್ಕದ ಜಿಪ್ಪು ಎಳೆದು ಕೈ ಹಾಕಿದೆ. ಟಾರ್ಚಿನ ಪಕ್ಕದಲ್ಲಿ ತಣ್ಣಗೆ ಅದು ಕೈಗೆ ತಾಗಿತು. ನೋಡುವ ಮೊದಲೇ ಅದು ಏನು ಅಂತ ನನಗೆ ತಿಳಿಯಿತು.

ದೇವರಾಣೆಗೂ ಹೇಳುತ್ತೇನೆ, ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂತಲೇ ಇದ್ದೆ. “ನನ್ನ ಚೀಲದಲ್ಲೇ ಇತ್ತು, ತಪ್ಪಾಯ್ತು ಅಕ್ಕ.” ಇಷ್ಟೇ ಮಾತು. ಆದರೆ ಶಾಲೆಯ ಗೇಟಿನಲ್ಲೇ ಛತ್ರಿಯ ಯಜಮಾನರು ನಿಲ್ಲಿಸಿದರು. “ನೀವ್ ಕೇಳಿದ್ದು ಸರಿಯಾಗೇ ಅದೆ ಸಾ. ಕೀ ಅವಳತ್ರಾನೇ ಅಲ್ವ ಇದ್ದುದ್ದು?” ಊರೇ ನನ್ನ ಮಾತನ್ನು ಹಿಡಿದುಕೊಂಡಿತ್ತು. ಚೀಲದ ಜಿಪ್ಪನ್ನು ಒತ್ತಿ ಹಿಡಿದುಕೊಂಡು ಒಳಗೆ ನಡೆದೆ. ಹೇಡಿಗೆ ಉಪಾಯಕ್ಕೇನು ಬರ? ಪ್ರಾರ್ಥನೆಗೆ ಎಲ್ಲರೂ ಹೊರಗೆ ನಿಂತಾಗ ಸ್ಟೋರಿಗೆ ಹೋಗಿ ಬೇಳೆ ಡಬ್ಬದ ಹಿಂದೆ ಅದನ್ನು ಉರುಳಿಸಿ ಬಂದೆ. ಪೆಟ್ಟಿಗೆಯಿಂದ ಬಿದ್ದು ಉರುಳಿರಬೇಕು ಅಂದುಕೊಳ್ಳುತ್ತಾರೆ, ಅಕ್ಕನೂ ಪಾರು, ನಾನೂ ಪಾರು ಅಂತ ನನ್ನ ಲೆಕ್ಕಾಚಾರ.

ಮಧ್ಯಾಹ್ನ ಅದು ಹೆಡ್‌ಮಿಸ್ಸಿಗೇ ಸಿಕ್ಕಿತು. ಉರುಳಿರಬೇಕು ಅಂತ ಒಬ್ಬರೂ ಅನ್ನಲಿಲ್ಲ. ರಾತ್ರಿ ಸ್ಟೋರಿನಲ್ಲೂ ಹುಡುಕುವಾಗ ಆ ಡಬ್ಬ ಸರಿಸಿ ನೋಡಿದ್ದೆವು ಅನ್ನುವುದು ನನಗೆ ಮರೆತೇಹೋಗಿತ್ತು, ಅವರಿಗೆ ಮರೆತಿರಲಿಲ್ಲ. ಬೆಳಿಗ್ಗೆ ಬಂದು ಬಾಗಿಲು ತೆಗೆದವಳು ಅಕ್ಕ. ಹೆದರಿಕೊಂಡು ತಂದಿಟ್ಟಿದ್ದಾಳೆ ಅಂತ ತೀರ್ಮಾನವಾಯಿತು. ಅಲ್ಲಿಯವರೆಗೆ ಬರೀ ಅನುಮಾನವಿತ್ತು, ಅದಕ್ಕೆ ಸಾಕ್ಷಿ ಒದಗಿಸಿದವನು ನಾನು. ದೂರು ಗೀರು ಬೇಡ, ನಾಳೆಯಿಂದ ಬರೋದು ಬೇಡ ಅಂತ ಅವಳಿಗೆ ಹೇಳಿದರು. ಅಕ್ಕ ಕೀ ಬಿಚ್ಚಿ ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದಳು. ಮುಂದೆ ನಿಂತು ಹೇಳ್ತೀನಿ ಅಂದಿದ್ದ ನಾನು ಹಾಜರಿ ಪುಸ್ತಕದ ಹಾಳೆ ತಿರುವುತ್ತಿದ್ದೆ.

ಆ ಭಾನುವಾರ ಅವಳ ಮನೆಗೆ ಹೋದೆ. ಹೇಳಿಬಿಡುತ್ತೇನೆ ಅಂತಲೇ ಹೋದೆ. ಅಕ್ಕ ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ, ಚಾಪೆ ಹಾಸಿ, ಕಾಫಿ ಕೊಟ್ಟಳು.

“ಯಳಂದೂರಲ್ಲಿ ತಂಗಿ ಅವ್ಳೆ ಸಾ. ಅಲ್ಲಿ ಛತ್ರದಲ್ಲಿ ಅಡುಗೆ ಕೆಲ್ಸ ಅದಂತೆ, ಓಯ್ತೀನಿ” ಅಂದಳು. ಆಮೇಲೆ ಗೂಡಿನಿಂದ ಹಬ್ಬದ ಪೂಜೆಯ ಒಂದು ತೆಳು ಪುಸ್ತಕ ತೆಗೆದು ನನ್ನ ಕೈಗಿಟ್ಟಳು. “ಚಂದ್ರನ್ನ ನೋಡಿದೋರು ಮಣಿ ಕಳೆದೋದ ಕತೆ ಕೇಳುದ್ರೆ ಅಪವಾದ ಓಯ್ತದಂತೆ. ನಂಗೆ ಓದಕ್ಕೆ ಬರಕ್ಕಿಲ್ಲ. ಒಸಿ ಓದೇಳಿ ಸಾ. ಆ ಊರ್ಗೂ ಇದ್ನ ಒತ್ಕಂಡು ಓಗಾದು ಬ್ಯಾಡ.”

ಓದಿದೆ. ಮಣಿ ಕಳೆದುಹೋದದ್ದು, ದೇವರಿಗೇ ಕಳ್ಳ ಅನ್ನುವ ಹೆಸರು ಬಂದದ್ದು, ದೇವರು ಕಾಡೆಲ್ಲ ಅಲೆದು ಮಣಿ ಹುಡುಕಿ ತಂದು ಎಲ್ಲರ ಎದುರು ಕೊಟ್ಟು ಹೆಸರು ತೊಳೆದುಕೊಂಡದ್ದು. ಅಲ್ಲಿಗೆ ಬಂದಾಗ ನನ್ನ ದನಿ ನಡುಗಿತು. ಅಕ್ಕ ಅದನ್ನು ಭಕ್ತಿ ಅಂದುಕೊಂಡಳೋ ಏನೋ, ಕಣ್ಣು ಮುಚ್ಚಿ ಕೈ ಮುಗಿದಳು.

ಕತೆ ಮುಗಿದ ಮೇಲೆ ಅವಳು ಉಸಿರು ಬಿಟ್ಟು ಅಂದಳು: “ಯಾರ್ ಮ್ಯಾಲೂ ನಂಗೆ ಬ್ಯಾಸರ ಇಲ್ಲ ಸಾ. ನೀವಾದ್ರೂ ಏನ್ ಮಾಡೀರಿ? ಎಲ್ಲಾ ಆ ಚಂದ್ರ ಮಾಡಿದ್ದು. ಅಲ್ವ ಸಾ?”

ಇಷ್ಟು ವರ್ಷ ಕರಿಹಲಗೆಯ ಮೇಲೆ ಚಂದ್ರನನ್ನು ಬರೆದು, ಅದು ಬರೀ ಕಲ್ಲು ಮಣ್ಣು, ಅದರಿಂದ ಯಾರಿಗೂ ಕೆಡುಕಿಲ್ಲ ಅಂತ ಮಕ್ಕಳಿಗೆ ಪಾಠ ಹೇಳಿದವನು ನಾನು. ಪುಸ್ತಕ ಮಡಚಿ ಅವಳ ಕೈಗೆ ಕೊಟ್ಟೆ.

“ಹೂಂ ಅಕ್ಕ” ಅಂದೆ. “ಎಲ್ಲಾ ಚಂದ್ರನೇ ಮಾಡಿದ್ದು.”