ಹಾವಿಗೆ ಬೇಕಾದ ಲೆನ್ಸ್

ಚಿಂತಾಕಿಯ ಹೊರಗೆ, ಹೊಲದ ಕಲ್ಲುಗೋಡೆಯ ಬುಡದಲ್ಲಿ ಗರಗಸ ಮಂಡಲದ ಹಾವೊಂದು ಬಿಸಿಲಿಗೆ ಸುರುಳಿ ಸುತ್ತಿಕೊಂಡಿತ್ತು. ತೋರಿಸಿದವರು ಕುರಿ ಕಾಯುವ ಮಾಳಪ್ಪನವರು. ನನ್ನ ಚೀಲದಲ್ಲಿ ಬೀದರಿನ ಗೆಳೆಯ ಕೊಟ್ಟ ಸೂಕ್ಷ್ಮ ವಿವರಗಳನ್ನು ದೊಡ್ಡದಾಗಿ ತೆಗೆಯುವ ಎರಡು ಮ್ಯಾಕ್ರೋ ಲೆನ್ಸುಗಳಿದ್ದವು: ಅರವತ್ತು ಮಿಲಿಮೀಟರಿನ ಹಗುರದ್ದು, ನೂರೆಂಬತ್ತರ ಭಾರದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆಯೊಳಗೆ ಮರಳಿಸಬೇಕು. ಮೂರು ತಿಂಗಳು ಲೆನ್ಸುಗಳ ಬಗ್ಗೆ ಓದಿಯೂ ಯಾವುದನ್ನು ಇಟ್ಟುಕೊಳ್ಳಬೇಕೆಂದು ತೀರ್ಮಾನವಾಗಿರಲಿಲ್ಲ. ಸೊಂಟನೋವಿನ ಸಲಹೆಯಂತೆ ಹಗುರದ್ದನ್ನು ಹಾಕಿ, ಹಾವಿನ ಹತ್ತಿರ ಬಗ್ಗಿದೆ.

"ಏ ಸಾಹೇಬ್ರ, ಹಿಂದ ಸರೀರಿ!" ಮಾಳಪ್ಪನವರು ತಮ್ಮ ಕೋಲನ್ನು ನನಗೂ ಹಾವಿಗೂ ನಡುವೆ ಉದ್ದಕ್ಕೆ ಮಲಗಿಸಿದರು. "ಕುರಿ ಕಾಯೋರು ಹಾವಿಗಿ ಒಂದ್ ಕೋಲಿನಷ್ಟು ಜಾಗಾ ಬಿಡ್ತೇವ್ರಿ. ಈ ತುದಿಗಿ ಕುಂತು ತಗೀರಿ."

ಆ ತುದಿಯಿಂದ ಅರವತ್ತರಲ್ಲಿ ಹಾವು ಒಣಗಿದ ಸಗಣಿಯಂತೆ ಕಂಡಿತು. ಭಾರದ್ದನ್ನು ಹಾಕಿದೆ. ಮುಖದ ಹುರುಪೆಗಳು ಒಂದೊಂದಾಗಿ ಎದುರಿಗೆ ಬಂದವು. ಅಷ್ಟರಲ್ಲಿ ಹಾವು ಮೈಗೆ ಮೈ ಉಜ್ಜಿ ಸದ್ದು ಮಾಡಿತು, ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಹಾಗೆ. ನಾನು ಗುಂಡಿ ಒತ್ತಿದೆ.

ಹಗುರದ್ದನ್ನೇ ಮರಳಿಸುತ್ತೇನೆಂದು ಗೆಳೆಯನಿಗೆ ಅಲ್ಲಿಂದಲೇ ಫೋನು ಮಾಡಿದೆ. ಮಾಳಪ್ಪನವರು ಕ್ಯಾಮೆರಾದ ಪರದೆಯಲ್ಲಿ ಅಲುಗಿ ಮಸುಕಾದ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಹಾವಿನಕಿಂತ ನೀವೇ ಭಾಳ ಅಂಜೀರಲ್ರಿ."