ಮುಕ್ಕಬಾರದ ಹೆರಿಗೆ

ನಮ್ಮ ಹೊನ್ನೂರಿನಲ್ಲಿ ಹೆರಿಗೆಯ ಕೋಣೆಗೆ ಇದ್ದದ್ದು ಒಂದೇ ಮಾತು: ಮುಕ್ಕು. ಉಸಿರು ಬಿಗಿಹಿಡಿದು ಕೂಸನ್ನು ಹೊರಕ್ಕೆ ತಳ್ಳು ಎಂದು. ನೋವು ತಿನ್ನುವವಳನ್ನು ಬಿಟ್ಟು ಉಳಿದವರೆಲ್ಲ ಅದನ್ನೇ ಹೇಳುತ್ತಿದ್ದರು. ನಮ್ಮನ್ನೆಲ್ಲ ಮನೆಯಲ್ಲೇ ಹೆತ್ತ ಅವ್ವನಿಗೆ ಬೇರೆ ದಾರಿಯೂ ಉಂಟೆಂದು ಗೊತ್ತಿರಲಿಲ್ಲ.

ನಾನೋ, ಹುಟ್ಟುವಾಗಲೇ ಹೃದಯದಲ್ಲಿ ತೂತು ಇಟ್ಟುಕೊಂಡು ಬಂದವಳು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಮೈಸೂರಿನ ಡಾಕ್ಟರು ಮದುವೆ ಬೇಡವೆಂದಿದ್ದರು. ಆದರೂ ಮನೆಯವರು ಹನೂರಿಗೆ ಕೊಟ್ಟು ಮದುವೆ ಮಾಡಿದರು. ಅರವತ್ತರ ದಶಕದ ಕೊನೆಗೆ ಬಸಿರೂ ಆದೆ. ಈ ಹೃದಯ ಹೆರಿಗೆಯನ್ನು ತಡೆದುಕೊಂಡೀತೇ ಎಂದು ಯಾರೂ ನನ್ನೆದುರು ಆಡಲಿಲ್ಲ. ಉಳಿಯದವಳಿಗೆ ಬಡಿಸುವಂತೆ, ಕೇಳದೆಯೇ ತುಪ್ಪ ಬಡಿಸತೊಡಗಿದರು. ನನಗೆ ಹೆದರಿಕೆ ಹುಟ್ಟಿದ್ದು ಆ ತುಪ್ಪದಿಂದ.

ಕೊಳ್ಳೇಗಾಲದ ಆಸ್ಪತ್ರೆಯ ಲೇಡಿ ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ಎದೆಬಡಿತ ಕೇಳುವ ಕೊಳವೆಯನ್ನು ನನ್ನ ಎದೆಯ ಮೇಲೆ ಇಟ್ಟರು. ಅವ್ವನಿಗೆ ತಡೆಯಲಾಗಲಿಲ್ಲ.

"ಕೂಸು ಕೆಳಗದೆ ಕಣ್ರವ್ವ," ಎಂದಳು.

"ಗೊತ್ತಮ್ಮ. ಮೊದಲು ಇವಳು ಉಳೀಬೇಕಲ್ಲ," ಎಂದರು ಡಾಕ್ಟರು. ಕೊನೆಯ ತಿಂಗಳು ನನ್ನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ನೋವು ಬಂದ ಮಧ್ಯಾಹ್ನ ಬೆನ್ನಿಗೆ ದಿಂಬು ಒಟ್ಟಿ ಅರೆಕುಳಿತಂತೆ ಮಲಗಿಸಿದರು. ಅಂಗಾತ ಮಲಗಿದರೆ ನನಗೆ ಉಸಿರು ಕಟ್ಟುತ್ತಿತ್ತು.

"ಮುಕ್ಕಬೇಡ. ಮುಕ್ಕಿದರೆ ನಿನ್ನ ಹೃದಯಕ್ಕೆ ಭಾರ. ಮಗುವನ್ನು ನಾನು ಇಕ್ಕಳ ಹಾಕಿ ತೆಗೀತೀನಿ. ನೀನು ಉಸಿರಾಡುತ್ತಿರು, ಸಾಕು," ಎಂದರು ಡಾಕ್ಟರು.

ಅವರ ಮಾತು ಮುಗಿದಿರಲಿಲ್ಲ, ತಲೆಯ ಕಡೆ ನಿಂತಿದ್ದ ಅವ್ವ, "ಮುಕ್ಕು ಮಗ, ಮುಕ್ಕು," ಎಂದುಬಿಟ್ಟಳು. ಪಾಪ, ನಾಲಿಗೆಗೆ ಅಂಟಿಕೊಂಡ ಮಾತು. ನರ್ಸು ಅವಳ ರಟ್ಟೆ ಹಿಡಿದು ಆಚೆ ಕೂರಿಸಿ ಬಂದಳು.

ಮುಕ್ಕದೆ ಇರುವ ಕಷ್ಟ ಹೆತ್ತವರಿಗೇ ಗೊತ್ತು. ಮೈ ನಮ್ಮನ್ನು ಕೇಳದೆ ತಳ್ಳುತ್ತದೆ. ನಾನು ಬಾಯಿ ತೆರೆದು ಬಿಸಿಲಿನ ನಾಯಿಯಂತೆ ಏದುತ್ತ ಡಾಕ್ಟರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಕೂಸು ಅತ್ತಿತು. ಹೆಣ್ಣು. ಅದನ್ನು ನರ್ಸಿನ ಕೈಗೆ ಕೊಟ್ಟು ಡಾಕ್ಟರು ಮತ್ತೆ ನನ್ನ ಎದೆಗೆ ಕೊಳವೆ ಇಟ್ಟರು. ಬಹಳ ಹೊತ್ತು ಕೇಳಿ, "ಭಯ ಇಲ್ಲ," ಎಂದರು. ಆಗ ನನಗೂ ಅಳು ಬಂತು. ಬದುಕಿದೆನಲ್ಲ ಎಂಬ ಸಂತೋಷಕ್ಕೆ.

ಅವ್ವನನ್ನು ಒಳಗೆ ಬಿಟ್ಟರು. ಕೂಸಿನ ಕಡೆ ನೋಡದೆ ನೇರ ಬಂದು ನನ್ನ ಎದೆಯ ಮೇಲೆ ಕೈ ಇಟ್ಟಳು. ಮುಖವೆಲ್ಲ ಬೆವರು. ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದಳು.

"ಇದೇನವ್ವ, ನಿಂಗೇನಾಯ್ತು?" ಎಂದೆ.

"ನೀನು ಮುಕ್ಕಬ್ಯಾಡ ಅಂದ್ರಲ್ಲ ಮಗ," ಎಂದಳು, "ಅದ್ಕೆ ಆಚೆ ನಾನೇ ಮುಕ್ಕುತಾ ಕುಂತಿದ್ದೆ."